ಯಾವುದರಲ್ಲಿ ಎಷ್ಟು ಪಾಲು?

ಅವಿಭಕ್ತ ಕುಟುಂಬವೊಂದರ ಪಾಲುಪಾರಿಕತ್ತನ್ನು ಹತ್ತಿರದಿಂದ ಕಂಡವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಮೂವರು ಅಣ್ಣತಮ್ಮಂದಿರಿದ್ದರೆ ಒಬ್ಬೊಬ್ಬರಿಗೆ ಮೂರರಲ್ಲೊಂದು ಪಾಲು ಎಂಬ ಲೆಕ್ಕಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ. ತಕರಾರು ಹುಟ್ಟುವುದು ಒಟ್ಟು ಆಸ್ತಿ ಯಾವುದೆಂಬ ಪ್ರಶ್ನೆಯಲ್ಲಿ. ಹಿತ್ತಲಿನ ಬಾವಿ ಸೇರಿತೇ? ಹಿರಿಯಣ್ಣ ಪಟ್ಟಣದಲ್ಲಿ ನೌಕರಿ ಮಾಡಿ ಕೊಂಡ ನಿವೇಶನ ಸೇರಿತೇ? ತೋಟವನ್ನು ಎಕರೆಯಲ್ಲಿ ಅಳೆಯಬೇಕೇ, ಫಸಲಿನ ಬೆಲೆಯಲ್ಲಿ ಅಳೆಯಬೇಕೇ? ಪಂಚರು ಎರಡು ದಿನ ಕೂತು ಚರ್ಚಿಸುವುದು ಇದನ್ನೇ. ಭಾಗಾಕಾರ ಐದು ನಿಮಿಷದ ಕೆಲಸ.

ಇದೇ ಜಗಳ ಅಮೆರಿಕದ ಷೇರುಪೇಟೆಯಲ್ಲಿ ಒಂದು ಕಂಪನಿಯ ಸುತ್ತ ದಶಕಗಳಿಂದ ನಡೆಯುತ್ತ ಬಂದಿದೆ. ಕಂಪನಿಯ ಹೆಸರು ಅಡ್ವಾನ್ಸ್ಡ್ ಮೈಕ್ರೋ ಡಿವೈಸಸ್, ಎಲ್ಲರ ಬಾಯಲ್ಲಿ ಎಎಂಡಿ. ಕಂಪ್ಯೂಟರಿನ ಮಿದುಳೆನ್ನಿಸುವ ಪ್ರೊಸೆಸರ್ ಚಿಪ್ಪುಗಳನ್ನು ರೂಪಿಸುವುದು ಅದರ ಕಸುಬು. ಪ್ರತಿ ಮೂರು ತಿಂಗಳಿಗೊಮ್ಮೆ ಅದರ ಮಾರಾಟದ ಲೆಕ್ಕ ಹೊರಬೀಳುತ್ತದೆ. ಕೆಲವು ದಿನಗಳಲ್ಲಿ ಮಾರುಕಟ್ಟೆಯಲ್ಲಿ ಅದರ ಪಾಲೆಷ್ಟು ಎಂಬ ಅಂಕಿಯೂ ಪ್ರಕಟವಾಗುತ್ತದೆ. ಆ ಅಂಕಿ ಅರ್ಧ ಶೇಕಡಾ ಏರಿದರೆ ಒಂದು ಪಕ್ಷಕ್ಕೆ ಹಬ್ಬ, ಇಳಿದರೆ ಇನ್ನೊಂದು ಪಕ್ಷಕ್ಕೆ. ನಾನು ಈ ಆಟದಲ್ಲಿ ಪ್ರೇಕ್ಷಕ ಮಾತ್ರ. ಕೇಂದ್ರ ಸರ್ಕಾರದ ನೌಕರರು ಷೇರುಗಳಲ್ಲಿ ಸಟ್ಟಾ ವ್ಯವಹಾರ ಮಾಡುವುದನ್ನು 1964ರ ನಡತೆ ನಿಯಮಗಳು ನಿಷೇಧಿಸಿವೆ. ಆದರೆ ಪ್ರೇಕ್ಷಕನಿಗೆ ಒಂದು ಅನುಕೂಲವುಂಟು: ಹಣ ತೊಡಗಿಸಿದವನು ಮುಂದಿನ ತ್ರೈಮಾಸಿಕವನ್ನು ನೋಡುತ್ತಾನೆ, ತೊಡಗಿಸದವನು ಐವತ್ತು ವರ್ಷಗಳನ್ನು ಒಟ್ಟಾಗಿ ನೋಡಬಹುದು. ಹಾಗೆ ನೋಡಿದಾಗ ಈ ಚರಿತ್ರೆ 'ಪಾಲು' ಎಂಬ ಮಾತಿನ ಬಗ್ಗೆಯೇ ಏನನ್ನೋ ಹೇಳುತ್ತದೆಂದು ನನಗೆ ತೋರಿತು.

ಕಥೆ ಆರಂಭವಾಗುವುದು ಕ್ಯಾಲಿಫೋರ್ನಿಯಾದ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಎಂಬ ಸಂಸ್ಥೆಯಿಂದ. ಅಲ್ಲಿಂದ ಹೊರಬಂದ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ 1968ರಲ್ಲಿ ಇಂಟೆಲ್ ಕಂಪನಿಯನ್ನು ಕಟ್ಟಿದರು. ಇಬ್ಬರೂ ಹೆಸರಾಂತ ವಿಜ್ಞಾನಿಗಳಾದ್ದರಿಂದ ಬಂಡವಾಳ ಕೇಳಿದ ಕೂಡಲೇ ಬಂತು. ಮರುವರ್ಷ, 1969ರ ಮೇ 1ರಂದು, ಅದೇ ಫೇರ್‌ಚೈಲ್ಡಿನ ಮಾರಾಟ ವಿಭಾಗದಲ್ಲಿದ್ದ ಜೆರ್ರಿ ಸ್ಯಾಂಡರ್ಸ್ ಏಳು ಮಂದಿ ಸಹೋದ್ಯೋಗಿಗಳೊಂದಿಗೆ ಎಎಂಡಿಯನ್ನು ಸ್ಥಾಪಿಸಿದರು. ಅವರು ವಿಜ್ಞಾನಿಯೆಂದು ಹೆಸರಾದವರಲ್ಲ, ಮಾರಾಟಗಾರರು. ಬಂಡವಾಳಕ್ಕಾಗಿ ಅವರು ತಟ್ಟದ ಬಾಗಿಲಿಲ್ಲ. ಕೊನೆಗೆ ಹಣ ಹಾಕಿದವರಲ್ಲಿ ಇಂಟೆಲ್ಲಿನ ನಾಯ್ಸ್ ಕೂಡ ಒಬ್ಬರೆಂಬುದು ಈ ಚರಿತ್ರೆಯ ಮೊದಲ ವಿನೋದ. ಮುಂದೆ ಅರ್ಧ ಶತಮಾನ ನ್ಯಾಯಾಲಯದಲ್ಲೂ ಮಾರುಕಟ್ಟೆಯಲ್ಲೂ ಹೊಡೆದಾಡಿದ ಎರಡು ಮನೆಗಳ ನಡುವೆ ಮೊದಲು ಇದ್ದದ್ದು ಇಂಥ ನಂಟು.

ಆರಂಭದಲ್ಲಿ ಎಎಂಡಿಯ ಮುಖ್ಯ ವ್ಯವಹಾರ ಬೇರೆಯವರು ರೂಪಿಸಿದ ಚಿಪ್ಪುಗಳನ್ನೇ ಇನ್ನಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸಿ ಮಾರುವುದು. ತನ್ನೆಲ್ಲ ಸರಕೂ ಅಮೆರಿಕದ ಸೇನೆಯ ಗುಣಮಟ್ಟಕ್ಕೆ ಸರಿಯಾಗಿರುತ್ತದೆ ಎಂಬುದು ಅದರ ಘೋಷಣೆಯಾಗಿತ್ತು. ಉದ್ಯಮದ ಭಾಷೆಯಲ್ಲಿ ಅದು 'ಎರಡನೆಯ ಮೂಲ'. ಒಂದೇ ಕಾರ್ಖಾನೆಯನ್ನು ನಂಬಿ ಕೂತರೆ ಅಲ್ಲಿ ಬೆಂಕಿ ಬಿದ್ದ ದಿನ ಅಥವಾ ಮಾಲೀಕ ಬೆಲೆ ಏರಿಸಿದ ದಿನ ಕೊಳ್ಳುವವನ ಗತಿಯೇನು? ಆದ್ದರಿಂದ ದೊಡ್ಡ ಗಿರಾಕಿಗಳು ಅದೇ ಸರಕನ್ನು ಒದಗಿಸಬಲ್ಲ ಇನ್ನೊಬ್ಬನಿರಬೇಕೆಂದು ಪಟ್ಟುಹಿಡಿಯುತ್ತಿದ್ದರು. 1981ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರಿಗೆ ಇಂಟೆಲ್ಲಿನ 8088 ಪ್ರೊಸೆಸರನ್ನು ಆರಿಸಿಕೊಂಡಾಗಲೂ ಈ ಷರತ್ತಿತ್ತು. 1982ರಲ್ಲಿ ಇಂಟೆಲ್ ಮತ್ತು ಎಎಂಡಿ ಹತ್ತು ವರ್ಷಗಳ ತಂತ್ರಜ್ಞಾನ ವಿನಿಮಯ ಒಪ್ಪಂದಕ್ಕೆ ಬಂದವು.

ಸರ್ಕಾರಿ ಖರೀದಿಯ ಕಡತ ನೋಡಿದ ಯಾರಿಗೂ ಈ ಷರತ್ತನ್ನು ವಿವರಿಸಬೇಕಾಗಿಲ್ಲ. ಒಂದೇ ಟೆಂಡರು ಬಂದರೆ ನಾವು ಪುಟಗಟ್ಟಲೆ ಸಮಜಾಯಿಷಿ ಬರೆಯಬೇಕು. ಎರಡನೆಯದು ಬಂದರೆ ಮಾತ್ರ ತುಲನಾ ಪಟ್ಟಿ ಎಂಬ ಕಾಗದಕ್ಕೆ ಅರ್ಥ. ಕೊನೆಗೆ ಸರಕು ಕೊಳ್ಳುವುದು ಮೊದಲನೆಯವನಿಂದಲೇ ಆದರೂ, ಅವನು ಬೆಲೆ ಇಳಿಸಿದ್ದು ಎರಡನೆಯವನು ಆ ಪಟ್ಟಿಯಲ್ಲಿ ಇದ್ದುದರಿಂದ. ಎರಡನೆಯವನ ಮಾರಾಟ ಅಲ್ಲಿ ಸೊನ್ನೆ, ಪಾಲು ಸೊನ್ನೆ. ಆದರೆ ಅವನು ಮಾಡಿದ ಕೆಲಸ ಸೊನ್ನೆಯಲ್ಲ. ಎಎಂಡಿಯ ಚರಿತ್ರೆಯನ್ನು ಓದುವಾಗ ಈ ಮಾತು ಮನಸ್ಸಿನಲ್ಲಿರಬೇಕು.

1985ರಲ್ಲಿ ಇಂಟೆಲ್ 386 ಎಂಬ ಹೊಸ ಪ್ರೊಸೆಸರನ್ನು ತಂದಾಗ ಅದರ ವಿನ್ಯಾಸವನ್ನು ಎಎಂಡಿಗೆ ಕೊಡಲು ಒಪ್ಪಲಿಲ್ಲ. ಕೊಳ್ಳುವವನ ಪಟ್ಟು ಆ ವೇಳೆಗೆ ಸಡಿಲಿತ್ತು. ಐಬಿಎಂ ಹಿಂದುಮುಂದು ನೋಡುತ್ತಿದ್ದಾಗ 1986ರಲ್ಲಿ ಕಾಂಪ್ಯಾಕ್ ಕಂಪನಿ ತಾನೇ 386 ಯಂತ್ರವನ್ನು ಮಾರುಕಟ್ಟೆಗೆ ತಂದುಬಿಟ್ಟಿತು. ಕೊಳ್ಳುವವರು ಹಲವರು, ಮಾರುವವನು ಒಬ್ಬನೇ. ಎಎಂಡಿ 1987ರಲ್ಲಿ ಪಂಚಾಯ್ತಿಗೆ ಹೋಯಿತು. ನ್ಯಾಯ ತೀರುವಷ್ಟರಲ್ಲಿ ಕಾಲ ಮೀರುತ್ತದೆಂದು ಅರಿತ ಅದರ ಎಂಜಿನಿಯರುಗಳು ಚಿಪ್ಪನ್ನು ಹೊರಗಿನಿಂದ ಅಭ್ಯಾಸ ಮಾಡಿ ತಮ್ಮದೇ 386 ಅನ್ನು 1991ರಲ್ಲಿ ಹೊರತಂದರು. ಇಂಟೆಲ್ಲಿನದು 33 ಮೆಗಾಹರ್ಟ್ಸ್ ವೇಗದ್ದಾದರೆ ಇವರದು 40. 1992ರಲ್ಲಿ ಪಂಚರ ತೀರ್ಪು ಎಎಂಡಿಯ ಪರವಾಗಿ ಬಂತು, 1994ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು, 1995ರಲ್ಲಿ ಎರಡೂ ಕಂಪನಿಗಳು ರಾಜಿಗೆ ಬಂದವು. ಇಂಟೆಲ್ ಒಳಗಿದೆ ಎಂದು ಸಾರುವ ಆ ಪ್ರಸಿದ್ಧ ಜಾಹೀರಾತು ಶುರುವಾದದ್ದೂ 1991ರಲ್ಲೇ. ಪ್ರತಿಸ್ಪರ್ಧಿ ಹುಟ್ಟಿದ ವರ್ಷವೇ ಹೆಸರನ್ನು ಹೊಳಪಿಸುವ ಅಗತ್ಯ ಬಿದ್ದದ್ದನ್ನು ಗಮನಿಸಬೇಕು.

ರಾಜಿಯ ನಂತರ ಎಎಂಡಿ ಸ್ವಂತ ವಿನ್ಯಾಸದ ಮೇಲೆ ನಿಲ್ಲಬೇಕಾಯಿತು. ಅದರ ಮೊದಲ ಪ್ರಯತ್ನವಾದ ಕೆ5 ತಡವಾಗಿ ಬಂತು, ನಿಧಾನವೂ ಆಗಿತ್ತು. ಆಗ ಅದು ನೆಕ್ಸ್‌ಜೆನ್ ಎಂಬ ಸಣ್ಣ ಕಂಪನಿಯನ್ನು ಕೊಂಡಿತು. ಪುಣೆಯಲ್ಲಿ ಹುಟ್ಟಿ ದೆಹಲಿಯಲ್ಲಿ ಎಂಜಿನಿಯರಿಂಗ್ ಓದಿ, ಇಂಟೆಲ್ಲಿನಲ್ಲಿ ಪೆಂಟಿಯಂ ಪ್ರೊಸೆಸರಿನ ಹೊಣೆ ಹೊತ್ತು 'ಪೆಂಟಿಯಂ ಪಿತಾಮಹ' ಎಂದು ಹೆಸರಾದ ವಿನೋದ್ ಧಾಮ್ ಅಷ್ಟರಲ್ಲಿ ನೆಕ್ಸ್‌ಜೆನ್ ಸೇರಿದ್ದರು. ಅವರೊಂದಿಗೆ ಬಂದ ವಿನ್ಯಾಸವೇ 1997ರಲ್ಲಿ ಕೆ6 ಆಗಿ, ಪೆಂಟಿಯಂ ಕೂರುತ್ತಿದ್ದ ಜಾಗದಲ್ಲೇ ಕೂರುವ ಅಗ್ಗದ ಚಿಪ್ಪಾಗಿ ಮಾರಾಟವಾಯಿತು. 1999ರಲ್ಲಿ ಅಥ್ಲಾನ್ ಬಂತು. 2000ದ ಮಾರ್ಚ್ 6ರಂದು ಎಎಂಡಿ ಒಂದು ಗಿಗಾಹರ್ಟ್ಸ್ ವೇಗದ ಪ್ರೊಸೆಸರನ್ನು ಘೋಷಿಸಿತು. ಇಂಟೆಲ್ ಎರಡು ದಿನ ಹಿಂದೆ ಬಿತ್ತು.

2003ರ ಏಪ್ರಿಲ್‌ನಲ್ಲಿ ಬಂದ ಆಪ್ಟರಾನ್ ಇದಕ್ಕಿಂತ ದೊಡ್ಡ ಹೆಜ್ಜೆ. 64 ಬಿಟ್ ಯುಗಕ್ಕೆ ಇಂಟೆಲ್ ಇಟೇನಿಯಂ ಎಂಬ ಸಂಪೂರ್ಣ ಹೊಸ ಹಾದಿಯನ್ನು ಹಿಡಿದಿತ್ತು. ಆ ಹಾದಿಯಲ್ಲಿ ಹಳೆಯ ತಂತ್ರಾಂಶಗಳು ಸಲೀಸಾಗಿ ಓಡುತ್ತಿರಲಿಲ್ಲ. ಎಎಂಡಿ ಹಳೆಯ ಮನೆಯನ್ನು ಕೆಡವದೆ ಮೇಲೊಂದು ಅಂತಸ್ತು ಕಟ್ಟಿತು. ಜಗತ್ತು ಅದನ್ನೇ ಒಪ್ಪಿತು, ಮರುವರ್ಷ ಇಂಟೆಲ್ಲೂ ಒಪ್ಪಬೇಕಾಯಿತು. ಇಂದಿಗೂ ನೀವು ಇಂಟೆಲ್ ಪ್ರೊಸೆಸರ್ ಇರುವ ಯಂತ್ರಕ್ಕೆ ಡೆಬಿಯನ್‌ನಂಥ ಲಿನಕ್ಸನ್ನು ಇಳಿಸಿಕೊಳ್ಳಲು ಹೋದರೆ ಆರಿಸಬೇಕಾದ ಕಡತದ ಹೆಸರಿನಲ್ಲಿ 'ಎಎಂಡಿ64' ಎಂದಿರುತ್ತದೆ. ಅಂಥ ಯಂತ್ರ ಮಾರಾಟವಾದಾಗ ಪಾಲು ಇಂಟೆಲ್ಲಿನ ಖಾತೆಗೆ ಬೀಳುತ್ತದೆ. ಒಳಗಿನ ವ್ಯಾಕರಣ ಎಎಂಡಿಯದು. ಯಾವ ತ್ರೈಮಾಸಿಕದ ಪಟ್ಟಿಯಲ್ಲೂ ಇದಕ್ಕೆ ಅಂಕಣವಿಲ್ಲ.

ಇಂಥ ಸರಕಿದ್ದೂ ಎಎಂಡಿಯ ಪಾಲು ಏಕೆ ವೇಗವಾಗಿ ಬೆಳೆಯಲಿಲ್ಲ? ಐರೋಪ್ಯ ಆಯೋಗ 2009ರಲ್ಲಿ ಇಂಟೆಲ್‌ಗೆ 106 ಕೋಟಿ ಯೂರೋ ದಂಡ ವಿಧಿಸಿದಾಗ ಕೊಟ್ಟ ವಿವರಣೆಯಲ್ಲಿ ಒಂದು ಉದಾಹರಣೆಯಿದೆ. ಎಎಂಡಿ ಒಬ್ಬ ಕಂಪ್ಯೂಟರ್ ತಯಾರಕನಿಗೆ ಹತ್ತು ಲಕ್ಷ ಪ್ರೊಸೆಸರುಗಳನ್ನು ಪುಕ್ಕಟೆಯಾಗಿ ಕೊಡಲು ಮುಂದಾಯಿತು. ತಯಾರಕ ತೆಗೆದುಕೊಂಡದ್ದು 1,60,000 ಮಾತ್ರ. ಪುಕ್ಕಟೆ ಸರಕನ್ನು ಬೇಡವೆನ್ನಲು ಕಾರಣ ಸರಳ: ತನಗೆ ಬೇಕಾದದ್ದರಲ್ಲಿ ಬಹುಪಾಲನ್ನು ಇಂಟೆಲ್‌ನಿಂದಲೇ ಕೊಂಡರೆ ಮಾತ್ರ ಇಂಟೆಲ್ ರಿಯಾಯಿತಿ ಕೊಡುತ್ತಿತ್ತು. ಹತ್ತು ಲಕ್ಷ ಚಿಪ್ಪು ಪುಕ್ಕಟೆ ಪಡೆದರೆ ಉಳಿದ ಲಕ್ಷಾಂತರ ಚಿಪ್ಪುಗಳ ಮೇಲಿನ ರಿಯಾಯಿತಿ ತಪ್ಪುತ್ತಿತ್ತು. ಅದೇ 2009ರಲ್ಲಿ ಇಂಟೆಲ್ ಎಎಂಡಿಗೆ 125 ಕೋಟಿ ಡಾಲರ್ ಕೊಟ್ಟು ಮೊಕದ್ದಮೆಗಳನ್ನು ಮುಗಿಸಿಕೊಂಡಿತು. ನ್ಯಾಯ ಪಾಲನೆಯ ದೃಷ್ಟಿಯಿಂದ ಇನ್ನೊಂದು ಮಾತನ್ನೂ ಹೇಳಬೇಕು: ರಿಯಾಯಿತಿಗಳ ಪರಿಣಾಮವನ್ನು ಆಯೋಗ ಸರಿಯಾಗಿ ಸಾಬೀತುಪಡಿಸಿಲ್ಲವೆಂದು 2022ರಲ್ಲಿ ಐರೋಪ್ಯ ನ್ಯಾಯಾಲಯ ಆ ದಂಡವನ್ನು ರದ್ದುಮಾಡಿತು, 2024ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ತಪ್ಪು ಯಾರದೆಂಬುದನ್ನು ನ್ಯಾಯಾಧೀಶರಿಗೇ ಬಿಡೋಣ. ಮಾರುಕಟ್ಟೆಯ ಪಾಲು ಸರಕಿನ ಗುಣವನ್ನಷ್ಟೇ ತೂಗುತ್ತದೆಂಬ ನಂಬಿಕೆ ಮಾತ್ರ ಈ ಉದಾಹರಣೆಯ ಮುಂದೆ ನಿಲ್ಲುವುದಿಲ್ಲ.

2006ನೆಯ ಇಸವಿಗೆ ಬರೋಣ. ಸರ್ವರ್ ಪ್ರೊಸೆಸರುಗಳಲ್ಲಿ ಎಎಂಡಿಯ ಪಾಲು ಹೆಚ್ಚುಕಡಿಮೆ ಕಾಲುಭಾಗ ಮುಟ್ಟಿತ್ತು. ಅಲ್ಲಿಯವರೆಗೆ ಇಂಟೆಲ್ಲನ್ನು ಬಿಟ್ಟು ಕದಲದ ಡೆಲ್ ಕಂಪನಿ ಕೂಡ ಆ ವರ್ಷ ಆಪ್ಟರಾನ್ ಸರ್ವರುಗಳನ್ನು ಮಾರಲು ಒಪ್ಪಿತು. ಷೇರಿನ ಬೆಲೆ ವರ್ಷಾರಂಭದಲ್ಲಿ 40 ಡಾಲರ್ ದಾಟಿತ್ತು. ಪಾಲಿನ ಅಂಕಿಯನ್ನೇ ನೋಡುವವನಿಗೆ ಇದು ಹೂಡಿಕೆಗೆ ಸುಮುಹೂರ್ತ. ಆದರೆ ಅದೇ ವರ್ಷದ ಜುಲೈನಲ್ಲಿ ಎರಡು ಸಂಗತಿಗಳು ನಡೆದವು. ಇಂಟೆಲ್ ಕೋರ್ 2 ಎಂಬ ಅತ್ಯುತ್ತಮ ವಿನ್ಯಾಸವನ್ನು ಬಿಡುಗಡೆ ಮಾಡಿತು. ಎಎಂಡಿ ಎಟಿಐ ಎಂಬ ಗ್ರಾಫಿಕ್ಸ್ ಕಂಪನಿಯನ್ನು 540 ಕೋಟಿ ಡಾಲರಿಗೆ, ಅರ್ಧದಷ್ಟು ಸಾಲ ಮಾಡಿ, ಕೊಳ್ಳುವುದಾಗಿ ಘೋಷಿಸಿತು. ಮರುವರ್ಷ ಅದರ ಹೊಸ ಸರ್ವರ್ ಚಿಪ್ಪು ಬಾರ್ಸಿಲೋನಾ ತಡವಾಗಿಯೂ ದೋಷದೊಂದಿಗೂ ಬಂತು. ಪಾಲು ಶಿಖರದಲ್ಲಿದ್ದಾಗಲೇ ಇಳಿತದ ಕಾರಣಗಳೆಲ್ಲ ಸಿದ್ಧವಾಗಿದ್ದವು.

ಇಳಿತ ದೀರ್ಘವಾಗಿತ್ತು. ಸಾಲದ ಹೊರೆ ತಾಳಲಾರದೆ 2009ರಲ್ಲಿ ಎಎಂಡಿ ತನ್ನ ಕಾರ್ಖಾನೆಗಳನ್ನು ಅಬುಧಾಬಿಯ ಬಂಡವಾಳದೊಂದಿಗೆ ಗ್ಲೋಬಲ್‌ಫೌಂಡ್ರೀಸ್ ಎಂಬ ಬೇರೆ ಕಂಪನಿಯಾಗಿ ಬಿಟ್ಟುಕೊಟ್ಟಿತು. ಸ್ವಂತ ಕಾರ್ಖಾನೆಯಿಲ್ಲದವನು ಗಂಡಸೇ ಅಲ್ಲವೆಂಬ ಅರ್ಥದ ಮಾತು ಸ್ಯಾಂಡರ್ಸ್ ಹೆಸರಿನಲ್ಲಿ ಪ್ರಚಲಿತವಾಗಿತ್ತು; ಅವರ ಕಂಪನಿಯೇ ಕಾರ್ಖಾನೆಯಿಲ್ಲದ ಕಂಪನಿಯಾಯಿತು. 2011ರಲ್ಲಿ ಬಂದ ಬುಲ್‌ಡೋಜರ್ ವಿನ್ಯಾಸ ನಿರೀಕ್ಷೆಯನ್ನು ಹುಸಿಗೊಳಿಸಿತು. 2013ರಲ್ಲಿ ಆಸ್ಟಿನ್ ನಗರದ ಸ್ವಂತ ಆವರಣವನ್ನು 16.4 ಕೋಟಿ ಡಾಲರಿಗೆ ಮಾರಿ, ಅಲ್ಲೇ ಬಾಡಿಗೆಗೆ ಕೂರಬೇಕಾಯಿತು. 2012ರಿಂದ 2016ರವರೆಗೆ ಐದೂ ವರ್ಷ ನಷ್ಟ. 2015ರಲ್ಲಿ ವರಮಾನ ಸುಮಾರು 399 ಕೋಟಿ ಡಾಲರ್, ನಷ್ಟ 66 ಕೋಟಿ; ಅದೇ ವರ್ಷ ಇಂಟೆಲ್ಲಿನ ವರಮಾನ 5,540 ಕೋಟಿ. ಷೇರು 2 ಡಾಲರಿಗಿಂತ ಕೆಳಗೆ ಬಿತ್ತು. ಸರ್ವರುಗಳಲ್ಲಿ ಪಾಲು ಶೇ. 1ಕ್ಕಿಂತಲೂ ಕೆಳಗಿಳಿಯುತ್ತಿತ್ತು.

ಆ ದಿನಗಳಲ್ಲಿ ಹೂಡಿಕೆದಾರರ ಚರ್ಚೆ ಎರಡು ಮಾತುಗಳ ನಡುವೆ ಓಲಾಡುತ್ತಿತ್ತು. ಸಾಲದ ಕಂತು ಬರುವ ಮೊದಲು ಕಂಪನಿ ಮುಳುಗುತ್ತದೆ ಎಂಬುದೊಂದು. ಯಾರಾದರೂ ಕೊಂಡುಕೊಳ್ಳುತ್ತಾರೆ ಎಂಬುದಿನ್ನೊಂದು. ಪಾಲಿನ ಅಂಕಿಯನ್ನು ಓದಿದರೆ ಎರಡೂ ಯುಕ್ತವಾದ ಮಾತುಗಳೇ. ಆದರೆ ಅಂಕಿಯಲ್ಲಿ ಕಾಣದ ಮೂರು ಸಂಗತಿಗಳು ಆಗಲೇ ನಡೆದಿದ್ದವು. 2012ರ ಆಗಸ್ಟ್‌ನಲ್ಲಿ ಜಿಮ್ ಕೆಲ್ಲರ್ ಎಂಬ ವಿನ್ಯಾಸಕಾರರು ಎಎಂಡಿಗೆ ಮರಳಿ, 'ಝೆನ್' ಎಂಬ ಹೊಸ ವಿನ್ಯಾಸದ ಕೆಲಸಕ್ಕೆ ಮುಂದಾಳಾಗಿದ್ದರು. 2013ರಲ್ಲಿ ಸೋನಿಯ ಪ್ಲೇಸ್ಟೇಷನ್ 4 ಮತ್ತು ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಒನ್ ಎರಡೂ ಎಎಂಡಿಯ ಚಿಪ್ಪನ್ನೇ ಬಳಸಿ ಬಂದಿದ್ದವು. ದುಬಾರಿಯೆಂದು ಎಲ್ಲರೂ ಹಳಿದ ಎಟಿಐ ಖರೀದಿಯೇ ಈಗ ಮನೆಯ ಒಲೆ ಆರದಂತೆ ನೋಡಿಕೊಂಡಿತು. 2014ರ ಅಕ್ಟೋಬರ್‌ನಲ್ಲಿ ಲೀಸಾ ಸು ಮುಖ್ಯಸ್ಥೆಯಾದರು.

ಚಿಪ್ಪಿನ ವಿನ್ಯಾಸ ಬಿತ್ತಿದ ಋತುವಿನಲ್ಲೇ ಕೊಯ್ಯುವ ಬೆಳೆಯಲ್ಲ. ಕಾಗದದ ಮೇಲಿನ ಮೊದಲ ಗೆರೆಯಿಂದ ಅಂಗಡಿಯ ಕಪಾಟಿಗೆ ಬರಲು ನಾಲ್ಕೈದು ವರ್ಷ ಬೇಕು. 2012ರಲ್ಲಿ ಆರಂಭವಾದ ಝೆನ್ ಮಾರುಕಟ್ಟೆಗೆ ಬಂದದ್ದು 2017ರ ಮಾರ್ಚ್‌ನಲ್ಲಿ, ರೈಜನ್ ಎಂಬ ಹೆಸರಿನಲ್ಲಿ. ಒಂದು ಗಡಿಯಾರ ಮಿಡಿತದಲ್ಲಿ ಮಾಡುವ ಕೆಲಸವನ್ನು ಹಿಂದಿನ ವಿನ್ಯಾಸಕ್ಕಿಂತ ಶೇ. 40ರಷ್ಟು ಹೆಚ್ಚಿಸುವುದು ಗುರಿಯಾಗಿತ್ತು, ಶೇ. 52 ಸಾಧಿಸಿದ್ದೇವೆಂದು ಕಂಪನಿ ಹೇಳಿತು. ಅದೇ ಜೂನ್‌ನಲ್ಲಿ ಎಪಿಕ್ ಎಂಬ ಸರ್ವರ್ ಚಿಪ್ಪು ಬಂತು. ಹಾಗಾಗಿ ಯಾವುದೇ ವರ್ಷದ ಮಾರುಕಟ್ಟೆ ಪಾಲು ಆ ವರ್ಷದ ಕಂಪನಿಯನ್ನು ವರ್ಣಿಸುವುದಿಲ್ಲ. ನಾಲ್ಕೈದು ವರ್ಷ ಹಿಂದೆ ಕೋಣೆಯೊಂದರಲ್ಲಿ ಕೂತು ತೀರ್ಮಾನ ಮಾಡಿದ ಕೆಲವರನ್ನು ವರ್ಣಿಸುತ್ತದೆ. ರಾತ್ರಿ ಆಕಾಶದ ನಕ್ಷತ್ರದ ಬೆಳಕಿನ ಹಾಗೆ, ಕಾಣುತ್ತಿರುವುದು ಹೊರಟಾಗಿನದು.

ಎಪಿಕ್ ಚಿಪ್ಪಿನ ಒಳಗೂ ಒಂದು ಪಾಲಿನ ಲೆಕ್ಕವಿತ್ತು. ಸಿಲಿಕಾನ್ ಬಿಲ್ಲೆಯ ಮೇಲೆ ಅಲ್ಲಲ್ಲಿ ಸೂಕ್ಷ್ಮ ದೋಷಗಳು ಬೀಳುವುದು ಅನಿವಾರ್ಯ. ದೊಡ್ಡ ಚಿಪ್ಪುಗಳನ್ನು ಕತ್ತರಿಸಿದರೆ ಒಂದು ದೋಷಕ್ಕೆ ಒಂದು ದೊಡ್ಡ ತುಂಡು ಹಾಳು. ಸಣ್ಣವನ್ನು ಕತ್ತರಿಸಿದರೆ ಹಾಳಾಗುವುದು ಸಣ್ಣ ತುಂಡು ಮಾತ್ರ. ಎಎಂಡಿ ನಾಲ್ಕು ಸಣ್ಣ ತುಂಡುಗಳನ್ನು ಜೋಡಿಸಿ 32 ಕೋರ್‌ಗಳ ಒಂದು ಪ್ರೊಸೆಸರ್ ಮಾಡಿತು. 2018ರಲ್ಲಿ ಗ್ಲೋಬಲ್‌ಫೌಂಡ್ರೀಸ್ 7 ನ್ಯಾನೋಮೀಟರ್ ತಂತ್ರಜ್ಞಾನವನ್ನು ಕೈಬಿಟ್ಟಾಗ ಎಎಂಡಿ ಆ ತಯಾರಿಕೆಯನ್ನು ಪೂರ್ತಿಯಾಗಿ ತೈವಾನಿನ ಟಿಎಸ್‌ಎಂಸಿಗೆ ವಹಿಸಿತು. 2019ರ ಆಗಸ್ಟ್‌ನಲ್ಲಿ 64 ಕೋರ್‌ಗಳ ಎರಡನೆಯ ಎಪಿಕ್ ಬಂತು. ಸ್ವಂತ ಕಾರ್ಖಾನೆಗಳಲ್ಲೇ ಎಲ್ಲವನ್ನೂ ಮಾಡುತ್ತಿದ್ದ ಇಂಟೆಲ್ ಆಗ 10 ನ್ಯಾನೋಮೀಟರಿನ ಕೆಸರಿನಲ್ಲಿ ಸಿಕ್ಕಿಕೊಂಡಿತ್ತು. ಕಾರ್ಖಾನೆಯನ್ನು ಕಳೆದುಕೊಂಡದ್ದು 2009ರಲ್ಲಿ ಅವಮಾನವೆನಿಸಿತ್ತು. ಹತ್ತು ವರ್ಷದ ಬಳಿಕ ಅದೇ ಬಿಡುಗಡೆಯಾಗಿ ಕಂಡಿತು.

ಇಲ್ಲಿಗೆ ಹೂಡಿಕೆದಾರರ ಚರ್ಚೆ ಸ್ವರ ಬದಲಿಸಿತು. ಈಗಿನ ಪ್ರಶ್ನೆ, ಎಎಂಡಿ ಸರ್ವರುಗಳಲ್ಲಿ ಎರಡಂಕಿ ಪಾಲನ್ನು ಯಾವಾಗ ಮುಟ್ಟುತ್ತದೆ? ಕಂಪನಿ 2020ರ ಮಧ್ಯದ ಗಡುವನ್ನು ಹೇಳಿತ್ತು. ಗಡುವು ಬಂತು, ಮುಟ್ಟಿದ್ದೇವೆ ಎಂದು ಕಂಪನಿ ಹೇಳಿತು. ಆದರೆ ಎಲ್ಲರೂ ನೆಚ್ಚುವ ಮರ್ಕ್ಯುರಿ ರಿಸರ್ಚ್ ಸಂಸ್ಥೆಯ ಪಟ್ಟಿಯಲ್ಲಿ ಆ ತ್ರೈಮಾಸಿಕದ ಪಾಲು ಶೇ. 5.8 ಎಂದಿತ್ತು. ಒಂದು ಪಕ್ಷ ಕಂಪನಿ ಸುಳ್ಳು ಹೇಳಿತೆಂದು ಕುಣಿಯಿತು, ಇನ್ನೊಂದು ಪಕ್ಷ ಪಟ್ಟಿಯೇ ತಪ್ಪೆಂದಿತು. ಎರಡೂ ತಪ್ಪು. ಎರಡು ಲೆಕ್ಕಗಳಲ್ಲೂ ಅಂಶ ಎಎಂಡಿಯ ಮಾರಾಟವೇ, ಬೇರೆಯಾಗಿದ್ದದ್ದು ಛೇದ. ಎಎಂಡಿ ತೆಗೆದುಕೊಂಡದ್ದು ಐಡಿಸಿ ಸಂಸ್ಥೆಯ ಲೆಕ್ಕ: ಒಂದು ಅಥವಾ ಎರಡು ಪ್ರೊಸೆಸರ್ ಕೂರುವ ಸರ್ವರುಗಳು, ವರ್ಷಕ್ಕೆ ಸುಮಾರು 2 ಕೋಟಿ ಪ್ರೊಸೆಸರುಗಳ ಮಾರುಕಟ್ಟೆ. ಮರ್ಕ್ಯುರಿಯ ಲೆಕ್ಕದಲ್ಲಿ ಜಾಲಸಂಪರ್ಕ, ಸಂಗ್ರಹಣೆಯಂಥ ಉಪಕರಣಗಳೊಳಗೆ ಕೂರುವ ಸರ್ವರ್ ವರ್ಗದ ಪ್ರೊಸೆಸರುಗಳೂ ಸೇರಿದ್ದವು. ಎಎಂಡಿ ಆ ವಠಾರಕ್ಕೆ ಹೆಚ್ಚು ಕಾಲಿಟ್ಟಿರಲಿಲ್ಲ. ಹಿತ್ತಲಿನ ಬಾವಿ ಸೇರಿತೇ ಇಲ್ಲವೇ ಎಂಬ ನಮ್ಮ ಊರಿನ ಅದೇ ಪ್ರಶ್ನೆ. ಸಾಹಿತ್ಯದ ತರಗತಿಯಲ್ಲಿ ಕಲಿಸುತ್ತಿದ್ದರು, ಕಥೆಯನ್ನು ನಂಬುವ ಮೊದಲು ಹೇಳುತ್ತಿರುವವನು ಯಾರು, ಎಲ್ಲಿ ನಿಂತಿದ್ದಾನೆ ಎಂದು ನೋಡಬೇಕೆಂದು. ಶೇಕಡಾವಾರಿಗೂ ಒಬ್ಬ ನಿರೂಪಕನಿರುತ್ತಾನೆ.

ಎರಡನೆಯ ಪ್ರಶ್ನೆ ಅಳತೆಗೋಲಿನದು. 2024ರ ಮೂರನೆಯ ತ್ರೈಮಾಸಿಕದಲ್ಲಿ, ಮರ್ಕ್ಯುರಿ ಲೆಕ್ಕದ ಪ್ರಕಾರ, ಸರ್ವರ್ ಪ್ರೊಸೆಸರುಗಳ ಸಂಖ್ಯೆಯಲ್ಲಿ ಎಎಂಡಿಯ ಪಾಲು ಶೇ. 24.2, ವರಮಾನದಲ್ಲಿ ಶೇ. 33.9. ದುಬಾರಿ ಚಿಪ್ಪುಗಳನ್ನು ಹೆಚ್ಚು ಮಾರುವವನಿಗೆ ಎಕರೆಗಿಂತ ಫಸಲು ದೊಡ್ಡದು. ಸಂಖ್ಯೆಯಲ್ಲಿ ಬೆಳೆದು ವರಮಾನದಲ್ಲಿ ಕುಗ್ಗುವುದೂ ಸಾಧ್ಯ. ಅಗ್ಗದ ಸರಕನ್ನು ರಾಶಿ ಸುರಿದರೆ ಅದೇ ಆಗುತ್ತದೆ. 2018ರಲ್ಲಿ ಇಂಟೆಲ್‌ಗೆ ಬೇಡಿಕೆಯಷ್ಟು ಚಿಪ್ಪು ತಯಾರಿಸಲಾಗದೆ, ಅದು ಬೆಲೆಬಾಳುವ ಚಿಪ್ಪುಗಳಿಗೆ ಆದ್ಯತೆ ಕೊಟ್ಟಿತು. ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಎಎಂಡಿಯ ಪಾಲು ಏರಿತು. ಅದು ಗೆದ್ದ ನೆಲವೇ, ಬಿಟ್ಟುಕೊಟ್ಟ ನೆಲವೇ? ಅಂಕಿ ಹೇಳುವುದಿಲ್ಲ.

ಮೂರನೆಯದು, ಮಾರಾಟ ಎಂದರೆ ಯಾವುದು? ಚಿಪ್ಪಿನ ಕಂಪನಿ ಮಾರುವುದು ನಿಮಗೆ ನನಗೆ ಅಲ್ಲ. ಕಂಪ್ಯೂಟರ್ ತಯಾರಕರಿಗೆ, ಸಗಟು ವ್ಯಾಪಾರಿಗಳಿಗೆ. ಅವರ ಗೋದಾಮಿನಲ್ಲಿ ಸರಕು ಪೇರಿಸಿದರೆ ಆ ತ್ರೈಮಾಸಿಕದ ಅಂಕಿ ಹಿಗ್ಗುತ್ತದೆ, ಗೋದಾಮು ಖಾಲಿಯಾಗುವ ತ್ರೈಮಾಸಿಕದಲ್ಲಿ ಕುಗ್ಗುತ್ತದೆ. ಮಾರ್ಚ್ ಕೊನೆಯ ವಾರದಲ್ಲಿ ಅನುದಾನ ಮುಗಿಸುವ ಧಾವಂತ ಕಂಡ ನಮಗೆ ಇದು ಹೊಸತಲ್ಲ. ಮಾರ್ಚ್ ಒಂದನ್ನೇ ನೋಡಿ ವರ್ಷದ ಕೆಲಸವನ್ನು ಅಳೆದರೆ ಏನಾದೀತು? 2022ರ ಮೂರನೆಯ ತ್ರೈಮಾಸಿಕಕ್ಕೆ ಎಎಂಡಿ 670 ಕೋಟಿ ಡಾಲರ್ ವರಮಾನವನ್ನು ನಿರೀಕ್ಷಿಸಿತ್ತು. ಬಂದದ್ದು ಸುಮಾರು 560 ಕೋಟಿ. ಮಹಾಮಾರಿಯ ಕಾಲದಲ್ಲಿ ಮನೆಮನೆಗೂ ಕಂಪ್ಯೂಟರ್ ಕೊಂಡ ಜನ ಕೊಳ್ಳುವುದನ್ನು ನಿಲ್ಲಿಸಿದ್ದರು, ತಯಾರಕರು ಇದ್ದ ದಾಸ್ತಾನನ್ನೇ ಕರಗಿಸುತ್ತಿದ್ದರು. ಎಂಜಿನಿಯರುಗಳ ವಿದ್ಯೆ ಮೂರು ತಿಂಗಳಲ್ಲಿ ಆವಿಯಾಗಿರಲಿಲ್ಲ.

ಇಷ್ಟಾಗಿ ಗೆಲುವು ಬಂತು. 2022ರ ಫೆಬ್ರವರಿಯಲ್ಲಿ ಎಎಂಡಿಯ ಒಟ್ಟು ಷೇರು ಮೌಲ್ಯ ಮೊದಲ ಬಾರಿಗೆ ಇಂಟೆಲ್ಲನ್ನು ದಾಟಿತು. 2024ರ ಮೂರನೆಯ ತ್ರೈಮಾಸಿಕದಲ್ಲಿ ಅದರ ದತ್ತಾಂಶ ಕೇಂದ್ರಗಳ ವರಮಾನ ಸುಮಾರು 355 ಕೋಟಿ ಡಾಲರ್ ಆಗಿ, ಇಂಟೆಲ್ಲಿನ ಅದೇ ವಿಭಾಗದ 335 ಕೋಟಿಯನ್ನು ಮೀರಿತು. ನೊಬೆಲ್ ಮಟ್ಟದ ವಿಜ್ಞಾನಿಗಳ ನೆರಳಿನಲ್ಲಿ ಮಾರಾಟಗಾರನೊಬ್ಬ ಕಟ್ಟಿದ ಕಂಪನಿ ಐವತ್ತೈದು ವರ್ಷಗಳಿಗೆ ಹಿರಿಯಣ್ಣನ ಎದುರು ಸರಿಸಮನಾಗಿ ನಿಂತಿತು.

ಆದರೆ ಅಣ್ಣತಮ್ಮಂದಿರು ಹಳೆಯ ಗದ್ದೆಯ ಬದುವಿಗಾಗಿ ಹೊಡೆದಾಡುತ್ತಿದ್ದಾಗ ಊರೇ ಬೇರೆ ದಿಕ್ಕಿಗೆ ಬೆಳೆದಿತ್ತು. ಕೃತಕ ಬುದ್ಧಿಮತ್ತೆಯ ಲೆಕ್ಕಾಚಾರಕ್ಕೆ ಬೇಕಾದದ್ದು ಗ್ರಾಫಿಕ್ಸ್ ವರ್ಗದ ಚಿಪ್ಪುಗಳು, ಅಲ್ಲಿ ಯಜಮಾನ ಎನ್‌ವಿಡಿಯಾ. 2025ರ ಜನವರಿಗೆ ಮುಗಿದ ಹಣಕಾಸು ವರ್ಷದಲ್ಲಿ ಎನ್‌ವಿಡಿಯಾದ ವರಮಾನ 13,050 ಕೋಟಿ ಡಾಲರ್. 2024ರಲ್ಲಿ ಎಎಂಡಿಯದು ಸುಮಾರು 2,580 ಕೋಟಿ. ಇಂಟೆಲ್ಲಿನ ದತ್ತಾಂಶ ಕೇಂದ್ರ ವಿಭಾಗದ ಸುತ್ತ ಗಡಿ ಎಳೆದರೆ ಆ ತ್ರೈಮಾಸಿಕದ ವರಮಾನದಲ್ಲಿ ಎಎಂಡಿ ಗೆದ್ದಿತ್ತು. ದತ್ತಾಂಶ ಕೇಂದ್ರದ ಚಿಪ್ಪು ಎಂದು ಗಡಿ ಎಳೆದರೆ ಅದು ಇನ್ನೂ ಹೊಸಿಲ ಬಳಿ ನಿಂತಿದೆ. ಕಂಪನಿ ಅದೇ, ಬದಲಾದದ್ದು ಗಡಿ.

ಈಗ ಆ ಗಡಿಯೂ ಭವಿಷ್ಯಕ್ಕೆ ಹೋಗಿದೆ. 2023ರ ಜೂನ್‌ನಲ್ಲಿ ಎಎಂಡಿ, ಇಂಥ ಚಿಪ್ಪುಗಳ ಮಾರುಕಟ್ಟೆ 2027ರ ವೇಳೆಗೆ 15,000 ಕೋಟಿ ಡಾಲರ್ ಮೀರುವುದೆಂದು ಅಂದಾಜಿಸಿತು. ಅದೇ ಡಿಸೆಂಬರ್‌ನಲ್ಲಿ ಆ ಅಂದಾಜು 40,000 ಕೋಟಿಯಾಯಿತು. ಆರು ತಿಂಗಳಲ್ಲಿ, ಇನ್ನೂ ಹುಟ್ಟದ ಮಾರುಕಟ್ಟೆ ಎರಡೂವರೆ ಪಟ್ಟು ಬೆಳೆಯಿತು. ಹೂಡಿಕೆದಾರರು ಈಗ ಅದರಲ್ಲಿ ಎಎಂಡಿಗೆ ಶೇ. 5 ಸಿಗಬಹುದೇ, 10 ಸಿಗಬಹುದೇ ಎಂದು ವಾದಿಸುತ್ತಿದ್ದಾರೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ನಮ್ಮ ಗಾದೆ. ಇಲ್ಲಿ ಕುಲಾವಿಯ ಅಳತೆಗೇ ಜಗಳ.

ಪಾಲಿನ ಅಂಕಿ ನಿರರ್ಥಕವೆಂದು ನಾನು ಹೇಳುತ್ತಿಲ್ಲ. ಅಂಕಿಯಿಲ್ಲದೆ ಆಡಳಿತ ನಡೆಯದೆಂಬುದನ್ನು ಕಡತಗಳ ನಡುವೆ ಎರಡು ದಶಕ ಕಳೆದವನಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಅಂಕಿಯೊಂದು ಕೈಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳಿವೆ: ಯಾವುದರಲ್ಲಿ ಪಾಲು? ಯಾವ ಅಳತೆಯಲ್ಲಿ? ಯಾವ ವರ್ಷದ ದುಡಿಮೆಯ ಫಲ? ಇವನ್ನು ಕೇಳದೆ ವಾದಿಸುವವರು 2006ರಲ್ಲಿ ಕೊಂಡರು, 2015ರಲ್ಲಿ ಮಾರಿದರು. ಅವರ ನಷ್ಟ ಅವರದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. 2015ರಲ್ಲಿ ಪೇಟೆಯ ಮಾತೇ ಕೊನೆಯ ಮಾತಾಗಿದ್ದರೆ ಆ ಕಂಪನಿ ಉಳಿಯುತ್ತಿರಲಿಲ್ಲ. ನಮ್ಮ ಮೇಜಿನ ಮೇಲಿನ ಕಂಪ್ಯೂಟರಿಗೆ ಪ್ರೊಸೆಸರ್ ಒದಗಿಸಬಲ್ಲವನು ಹೆಚ್ಚುಕಡಿಮೆ ಒಬ್ಬನೇ ಉಳಿಯುತ್ತಿದ್ದ, ಅವನು ಹೇಳಿದ್ದೇ ಬೆಲೆಯಾಗುತ್ತಿತ್ತು. ಇಂಟೆಲ್ ಪ್ರೊಸೆಸರನ್ನೇ ಕೊಂಡವರೂ ಇಂದು ಹೆಚ್ಚು ಕೋರ್‌ಗಳನ್ನು ಪಡೆಯುತ್ತಿರುವುದಕ್ಕೆ ಎಎಂಡಿ ಬದುಕಿ ಉಳಿದದ್ದು ಒಂದು ಮುಖ್ಯ ಕಾರಣ. ತುಲನಾ ಪಟ್ಟಿಯ ಎರಡನೆಯ ಸಾಲಿನ ಬೆಲೆ ಅದು.

ಈ ಕಥೆಗೆ ನಮ್ಮೂರಿನ ನಂಟೂ ಇದೆ. 2001ರಲ್ಲಿ ದೆಹಲಿಯಲ್ಲಿ ಕೈಬೆರಳೆಣಿಕೆಯ ನೌಕರರೊಂದಿಗೆ ಭಾರತಕ್ಕೆ ಬಂದ ಎಎಂಡಿ, 2023ರಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ಬೆಂಗಳೂರಿನಲ್ಲಿ ತೆರೆಯಿತು. ಇಂಟೆಲ್ಲಿನ ದೊಡ್ಡ ವಿನ್ಯಾಸ ಕೇಂದ್ರವೂ ಅದೇ ಊರಿನಲ್ಲಿದೆ. ಹೊರನಾಡಿನಲ್ಲಿರುವ ನಮ್ಮಲ್ಲಿ ಅನೇಕರ ಬಂಧುಗಳು, ಮಿತ್ರರ ಮಕ್ಕಳು ಈ ಎರಡರಲ್ಲಿ ಒಂದು ಕಡೆ ದುಡಿಯುತ್ತಿರಬಹುದು. ಮುಂದಿನ ತ್ರೈಮಾಸಿಕದ ಅಂಕಿ ಪ್ರಕಟವಾದಾಗ ನ್ಯೂಯಾರ್ಕಿನಲ್ಲಿ ವಾದ ಮತ್ತೆ ಶುರುವಾಗುತ್ತದೆ. ಆ ಹೊತ್ತಿಗೆ ಬೆಂಗಳೂರಿನ ಯಾವುದೋ ಮೇಜಿನ ಮುಂದೆ ಒಬ್ಬ ಹುಡುಗಿ ನಾಲ್ಕು ವರ್ಷದ ನಂತರದ ಪಾಲಿಗಾಗಿ ಗೆರೆ ಎಳೆಯುತ್ತಿರುತ್ತಾಳೆ. ಅವಳ ಕೆಲಸ ಈ ತ್ರೈಮಾಸಿಕದ ಯಾವ ಪಟ್ಟಿಯಲ್ಲೂ ಇರುವುದಿಲ್ಲ.